‘ಆರಾಮಾ?’ ಅನ್ನುವ ವಿಚಾರಣೆ ಎಲ್ಲಿಂದ ಬಂತು?

ಹುಬ್ಬಳ್ಳಿ-ಧಾರವಾಡದ ಕಡೆ ಗುರುತಿನವರು ಎದುರಾದರೆ ನಮಸ್ಕಾರಕ್ಕಿಂತ ಮೊದಲು ಬಾಯಿಗೆ ಬರುವುದು ‘ಆರಾಮಾ?’. ಗೆಳೆಯನಾದರೆ ‘ಏನಲೇ, ಆರಾಮಾ?’, ಹಿರಿಯರಾದರೆ ‘ಆರಾಮ ಇದ್ದೀರೇನ್ರಿ?’, ವಿಜಯಪುರದ ಕಡೆಯವರಾದರೆ ‘ಆರಾಮ ಅದೀರಿ?’. ಉತ್ತರವೂ ಅದೇ: ‘ಹೂನ್ರಿ, ಆರಾಮ.’ ದನಿ ಏರಿದರೆ ಪ್ರಶ್ನೆ, ಇಳಿದರೆ ಉತ್ತರ. ಮುಂದೆ ಮಾತಾಡುವುದೇನೂ ಇಲ್ಲದಿದ್ದರೆ ಅಲ್ಲಿಗೇ ಮುಗಿಸಿ ಇಬ್ಬರೂ ತಮ್ಮ ದಾರಿ ಹಿಡಿಯಬಹುದು.

ಇದರ ಮೂಲ ಕೇಳಿದರೆ ಕೆಲವರು ಥಟ್ಟನೆ ‘ಆರು’ ಧಾತುವನ್ನು ಮುಂದಿಡುತ್ತಾರೆ. ಗಾಯ ಆರುತ್ತದೆ, ಹಾಲು ಆರುತ್ತದೆ, ಹಾಗೆ ಮೈಮನಸ್ಸು ಆರಿದ ಸ್ಥಿತಿಯೇ ಆರಾಮ ಅಂತ. ಕೇಳಲು ಸೊಗಸು. ಆದರೆ ಆ ‘ಆರು’ ಹಳಗನ್ನಡದಲ್ಲಿ ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಇನ್ನೊಂದು ರಕಾರದ ‘ಆಱು’. ಅದಕ್ಕೆ ‘ಆಮ’ ಹತ್ತಿ ನಾಮಪದ ಆಗುವ ರೂಢಿ ಕನ್ನಡದಲ್ಲಿಲ್ಲ. ಇನ್ನು ‘ಆ ರಾಮನ ಹೆಸರು, ರಾಮ್ ರಾಮ್ ಅನ್ನುತ್ತಿದ್ದುದು ಸವೆದು ಹೀಗಾಯಿತು’ ಅನ್ನುವವರಿಗೆ ಕೈ ಮುಗಿಯಬಹುದು, ಅಷ್ಟೆ.

ಸಂಸ್ಕೃತದ ವಾದವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಾಗದು, ಏಕೆಂದರೆ ಇದೇ ಅಕ್ಷರಗಳ ಪದ ಅಲ್ಲಿ ಇದೆ. ‘ಆರಾಮಃ ಸ್ಯಾದುಪವನಂ ಕೃತ್ರಿಮಂ ವನಮೇವ ಯತ್’ ಅನ್ನುತ್ತದೆ ಅಮರಕೋಶ. ತಾನಾಗಿ ಬೆಳೆದ ಕಾಡಲ್ಲ, ನೆಟ್ಟು ಬೆಳೆಸಿದ ತೋಪು. ಸಂತೋಷ ಎಂಬ ಅರ್ಥವೂ ಉಂಟು. ಬುದ್ಧನಿಗೆ ವರ್ತಕ ಅನಾಥಪಿಂಡಿಕ ಕೊಟ್ಟ ಶ್ರಾವಸ್ತಿಯ ಜೇತವನ ‘ಅನಾಥಪಿಂಡಿಕನ ಆರಾಮ’ ಆಗಿದ್ದು, ಭಿಕ್ಷುಗಳ ನೆಲೆಗೆ ‘ಸಂಘಾರಾಮ’ ಎಂದು ಹೆಸರಾದದ್ದು ಈ ತೋಪಿನಿಂದಲೇ. ಆಂಧ್ರದ ದ್ರಾಕ್ಷಾರಾಮ ಮೊದಲಾದ ಐದು ಶಿವಕ್ಷೇತ್ರಗಳ, ಪಂಚಾರಾಮಗಳ, ಹೆಸರಿನ ಕೊನೆಗೂ ಅದೇ ಪದ. ಅಂದರೆ ಸಂಸ್ಕೃತದ ಆರಾಮ ತೋಪಾಯಿತು, ವಿಹಾರವಾಯಿತು, ಗುಡಿಯಾಯಿತು. ಜ್ವರ ಬಂದು ಮಲಗಿದವನ ಮಂಚದ ಹತ್ತಿರಕ್ಕೆ ಮಾತ್ರ ಅದು ಬರಲಿಲ್ಲ.

ನನಗೆ ಮುಖ್ಯ ಸಾಕ್ಷಿ ಅನಿಸುವುದು ಆ ಮಂಚವೇ. ಬೆಳಗಾವಿಯಿಂದ ರಾಯಚೂರಿನವರೆಗೆ ‘ಆರಾಮಿಲ್ಲ’ ಅಂದರೆ ಕಾಯಿಲೆ. ‘ಆರಾಮ ತಪ್ಪೇತಿ’ ಅಂದರೆ ಆರೋಗ್ಯ ಕೆಟ್ಟಿದೆ. ‘ಈಗ ಆರಾಮ ಆತು’ ಅಂದರೆ ವಾಸಿಯಾಯಿತು. ಹಿಂದಿ-ಉರ್ದುವಿನಲ್ಲಿ ಔಷಧಿಯಿಂದ ‘ಆರಾಮ್’ ಸಿಗುತ್ತದೆ, ಮರಾಠಿಯಲ್ಲಿ ರೋಗಿಗೆ ‘ಆರಾಮ್ ಪಡತೋ’. ಈ ಬಳಕೆಗಳೆಲ್ಲ ಒಂದೇ ಬಳ್ಳಿಯವು, ಆ ಬಳ್ಳಿಯ ಬೇರು ಇರಾನಿನ ಭಾಷೆಯಾದ ಪಾರಸಿಯ ‘ಆರಾಮ್’: ನೆಮ್ಮದಿ, ವಿಶ್ರಾಂತಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಬಿಜಾಪುರದ ಆದಿಲಶಾಹಿ 1686ರವರೆಗೆ ಬಾಳಿತು. ದರಬಾರಿನ ಪಾರಸಿ, ಆಮೇಲೆ ಪೇಶ್ವೆಗಳ ಕಾಲದ ಮರಾಠಿ, ಎರಡರ ಒಡನಾಟದಲ್ಲೂ ಇದ್ದ ಕನ್ನಡ ಅದು. ಜಮೀನು, ಚಾಕರಿ, ಅಂದಾಜು, ಖುಷಿ ಇವೆಲ್ಲ ಪಾರಸಿಯವೇ. ಆರಾಮ ಮಾತ್ರ ಹೊರಗಿನದು ಅಂತ ಯಾರಿಗೂ ಅನ್ನಿಸುವುದಿಲ್ಲ, ಯಾಕೆಂದರೆ ಅದಕ್ಕೆ ಸಂಸ್ಕೃತದ ಮುಖವಿದೆ.

ಆ ಹೋಲಿಕೆ ಕಾಕತಾಳೀಯವೂ ಅಲ್ಲ. ಎರಡೂ ಪದಗಳು ‘ರಮ್’ ಎಂಬ ಒಂದೇ ಹಳೆಯ ಧಾತುವಿನವು. ನಮ್ಮ ವಿರಾಮ, ವಿರಮಿಸುಗಳಲ್ಲಿ ಇರುವುದೂ ಅದೇ. ಇರಾನಿನಿಂದ ವಲಸೆ ಬಂದ ಪಾರ್ಸಿಗಳ ಪಂಚಾಂಗದಲ್ಲಿ ತಿಂಗಳ ಒಂದೊಂದು ದಿನಕ್ಕೂ ಒಂದೊಂದು ದೈವದ ಹೆಸರು, 21ನೆಯದು ‘ರಾಮ್’. ಆದ್ದರಿಂದ ರಾಮನನ್ನು ಎಳೆದು ತಂದವರು ಮೂಲದ ಹತ್ತಿರಕ್ಕೇನೋ ಹೋಗಿದ್ದರು, ದಾರಿ ತಪ್ಪಿತ್ತು. ಇರಾನಿನಲ್ಲಿ ಇವತ್ತು ‘ಆರಾಮ್‌ಗಾಹ್’ ಅಂದರೆ ಸಮಾಧಿ. ಶಿರಾಜಿನಲ್ಲಿ ಕವಿ ಹಾಫಿಜ್ ಮಲಗಿರುವ ಜಾಗಕ್ಕೂ ಅದೇ ಹೆಸರು. ನಮ್ಮವರು ‘ಆರಾಮ ಅದಾರ’ ಅನ್ನುವುದು ಬದುಕಿರುವವರಿಗೆ ಮಾತ್ರ!

ಹಳೇ ಮೈಸೂರಿನ ಕಡೆಯೂ ಈ ಪದವಿದೆ, ಬಳಕೆ ಬೇರೆ. ‘ಆರಾಮಾಗಿ ಬನ್ನಿ’ ಅಂದರೆ ಅವಸರವಿಲ್ಲ, ‘ಆರಾಮಾಗಿ ಎತ್ತುತ್ತಾನೆ’ ಅಂದರೆ ಸಲೀಸಾಗಿ. ‘ಮಗ ಆರಾಮಾಗಿದ್ದಾನೆ ಬಿಡಿ’ ಅನ್ನುವಾಗ ಒಮ್ಮೊಮ್ಮೆ ಕೆಲಸವಿಲ್ಲದೆ ಕೂತಿದ್ದಾನೆ ಎಂಬ ಕೊಂಕೂ ಇರುತ್ತದೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಬಾಗಲಕೋಟೆಯ ಹುಡುಗ ‘ಅವ್ವಗ ಆರಾಮಿಲ್ರಿ, ಊರಿಗೆ ಹೋಗ್ಬೇಕು’ ಎಂದು ರಜೆ ಕೇಳಿದರೆ, ಮೇಲಿನವರು ‘ಪಾಪ, ಮನೆಗೆಲಸಕ್ಕೆ ಯಾರನ್ನಾದ್ರೂ ಇಟ್ಕೊಳ್ಳಿ’ ಅಂದಿದ್ದರು. ನೆಹರೂ ಹೆಸರಿನೊಂದಿಗೆ ಬೆಸೆದ ‘ಆರಾಮ್ ಹರಾಮ್ ಹೈ’ ಘೋಷಣೆಯನ್ನು ಧಾರವಾಡದ ಕಿವಿಯಲ್ಲಿ ಕೇಳಿದರೆ ಗುಣವಾಗುವುದೇ ಪಾಪ ಅಂದಂತಾಗುತ್ತದೆ.

ತಮಾಷೆಯೆಂದರೆ, ಆರಾಮಿಲ್ಲ ಅನ್ನಬೇಕಾದ ಕಡೆ ದಕ್ಷಿಣದವರು ಹೇಳುವ ‘ಹುಷಾರಿಲ್ಲ’ ಕೂಡ ಪಾರಸಿಯೇ. ‘ಹೋಶ್’ ಅಂದರೆ ಎಚ್ಚರ, ಹೋಶಿಯಾರ್ ಅಂದರೆ ಎಚ್ಚರವುಳ್ಳವನು. ‘ಹುಷಾರ್!’ ಎಂದು ಕೂಗುವಾಗ ಆ ಮೊದಲ ಅರ್ಥ ಇನ್ನೂ ಉಳಿದಿದೆ. ಕನ್ನಡಿಗ ಧಾರವಾಡದವನಾಗಲಿ ಮಂಡ್ಯದವನಾಗಲಿ, ಮೈ ಬೆಚ್ಚಗಾದರೆ ಪಾರಸಿಯಲ್ಲೇ ಹೇಳಬೇಕು. ಕಾಗದದಲ್ಲಿ ಮಾತ್ರ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂಬ ಸಂಸ್ಕೃತ.

ಉತ್ತರದಲ್ಲಿ ‘ಜಡ್ಡು’ ಅನ್ನುವ ಮಾತೂ ಬಳಕೆಯಲ್ಲಿದೆ, ‘ಜಡ್ಡಾಗಿ ಮಲಗ್ಯಾನ’. ನನ್ನ ಕಿವಿಗೆ ಅದು ಒರಟು ಮತ್ತು ಗಂಭೀರ, ‘ಆರಾಮಿಲ್ಲ’ ಮರ್ಯಾದೆಯದು, ರೋಗದ ಹೆಸರೆತ್ತದೆ ದಾಟಿಸುವಂಥದು. ಹಿರಿಯರ ಬಗ್ಗೆ ‘ಜಡ್ಡಾಗ್ಯಾರ’ ಅನ್ನಲು ನಾನು ಹಿಂಜರಿಯುತ್ತೇನೆ. ನಿಮ್ಮೂರಲ್ಲಿ ಈ ವ್ಯತ್ಯಾಸ ಉಂಟೇ? ಎರಡೂ ಸೀಮೆಗಳ ನಡುವಿನ ದಾವಣಗೆರೆ, ಹರಿಹರ, ರಾಣೆಬೆನ್ನೂರಿನವರು ಇನ್ನೊಂದನ್ನೂ ತಿಳಿಸಬೇಕು: ಮನೆಯಲ್ಲಿ ಅಜ್ಜಿ ಹೇಳುತ್ತಿದ್ದುದು ‘ಆರಾಮಿಲ್ಲ’ ಅಂತಲೋ ‘ಹುಷಾರಿಲ್ಲ’ ಅಂತಲೋ? ಬಳಸಿದ ವಾಕ್ಯವನ್ನೇ ಪೂರ್ತಿ ಬರೆದರೆ ಒಳ್ಳೆಯದು, ಊರಿನ ಹೆಸರೂ ಇರಲಿ.