‘ಅಪೌಷ್ಟಿಕತೆ’ ಒಂದೇ ಪದ ಸಾಕೆ? ಪೋಷಣೆ ಯೋಜನೆಯ ಕನ್ನಡದ ಬಗ್ಗೆ

ಪ್ರಶ್ನೆ (ಉಡುಪಿಯಿಂದ):

ರಾಷ್ಟ್ರೀಯ ಪೋಷಣೆ ಯೋಜನೆಯ ಸಾರಾಂಶವೊಂದನ್ನು ಗ್ರಾಮಸಭೆಯಲ್ಲಿ ಓದಲು ಮತ್ತು ಅಂಗನವಾಡಿ ಗೋಡೆಯಲ್ಲಿ ಬರೆಸಲು ಆಗುವಂತೆ ಕನ್ನಡಕ್ಕೆ ತರಬೇಕಾಗಿದೆ. ಇಂಗ್ಲಿಷಿನ ಮಾಲ್‌ನ್ಯೂಟ್ರಿಷನ್, ಅಂಡರ್‌ನ್ಯೂಟ್ರಿಷನ್ ಎರಡಕ್ಕೂ ‘ಅಪೌಷ್ಟಿಕತೆ’ ಎಂದೇ ಬರೆಯುವ ರೂಢಿ ಇದೆ. ಸರಿಯೇ? ಸ್ಟಂಟಿಂಗ್‌ಗೆ (ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿರುವುದು) ‘ಕುಬ್ಜತೆ’ ಎಂದು ಕೆಲವು ಕಡೆ ಓದಿದ್ದೇನೆ, ಕಿವಿಗೆ ಹಿತವಾಗಲಿಲ್ಲ. ‘ಪೂರಕ ಆಹಾರ’ ಒಂದೇ ಪುಟದಲ್ಲಿ ಎರಡು ಅರ್ಥದಲ್ಲಿ ಬಂದಿದೆ. ‘ಸಾರವರ್ಧಿತ ಅಕ್ಕಿ’ ಜನರಿಗೆ ತಿಳಿಯುತ್ತದೆಯೇ? ಕೊನೆಯದಾಗಿ, ಸಕ್ಕರೆ ಕಾಯಿಲೆಯಂಥ, ಆಹಾರಕ್ರಮದಿಂದ ಬರುವ ಕಾಯಿಲೆಗಳಿಗೆ ‘ಆಹಾರಜನ್ಯ ರೋಗ’ ಎನ್ನಬಹುದೇ?

ಉತ್ತರ 1:

ಪುಷ್ಟಿ, ಪೌಷ್ಟಿಕ, ಪೋಷಣೆ, ಪೋಷಕ ಎಲ್ಲವೂ ‘ಪುಷ್’ ಎಂಬ ಒಂದೇ ಧಾತುವಿನಿಂದ ಬಂದವು. ಕನ್ನಡಕ್ಕೆ ಬಂದ ಮೇಲೆ ಒಂದೊಂದೂ ಬೇರೆ ಮನೆ ಹೂಡಿದೆ. ಪುಷ್ಟಿ ಎಂದರೆ ನಮಗೆ ಮೈಕೈ ತುಂಬಿಕೊಂಡ ದೇಹವೇ ಕಣ್ಣಿಗೆ ಕಟ್ಟುತ್ತದೆ. ಹಾಗಾಗಿ ‘ಅಪೌಷ್ಟಿಕತೆ’ ಎಂದೊಡನೆ ಪಕ್ಕೆಲುಬು ಕಾಣುವ ಮಗುವಿನ ಚಿತ್ರ ಬರುತ್ತದೆ. ಯೋಜನೆಗಳೆಲ್ಲ ಕೊರತೆಯನ್ನೇ ನೋಡುತ್ತಿದ್ದ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಈಗ ಮಾಲ್‌ನ್ಯೂಟ್ರಿಷನ್ ಎಂಬ ಪದದೊಳಗೆ ಮೂರು ಸಂಗತಿಗಳಿವೆ: ಕಡಿಮೆ ತಿನ್ನುವುದು, ಹೊಟ್ಟೆ ತುಂಬ ತಿಂದರೂ ಕಬ್ಬಿಣ, ಅಯೋಡಿನ್, ವಿಟಮಿನ್ ಸಿಗದಿರುವುದು, ಮತ್ತು ಬೇಕಾದ್ದಕ್ಕಿಂತ ಹೆಚ್ಚು ತಿನ್ನುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ತೀರಾ ತೆಳ್ಳಗಿದ್ದವರು ಶೇ 18.7, ತೂಕ ಮೀರಿದವರು ಶೇ 24. ಈ ಎರಡನೇ ಗುಂಪಿಗೆ ‘ಅಪೌಷ್ಟಿಕತೆ’ ಎಂದರೆ ಅದು ತಮ್ಮ ಬಗ್ಗೆ ಹೇಳಿದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ.

‘ಕುಪೋಷಣೆ’ ಎಂದು ಬರೆಯುವವರಿದ್ದಾರೆ. ಅರ್ಥದಲ್ಲಿ ತಪ್ಪಿಲ್ಲ, ಆದರೆ ನನಗೆ ಒಪ್ಪಿಗೆಯಿಲ್ಲ. ಶಾಲೆಯ ನೋಟಿಸಿನಲ್ಲಿ ‘ಪೋಷಕರ ಸಭೆ’ ಎಂದು ಓದುವ ತಾಯಿಗೆ ಪೋಷಣೆ ಎಂದರೆ ಸಾಕುವುದು. ಅದಕ್ಕೆ ‘ಕು’ ಹಚ್ಚಿದರೆ ‘ನೀನು ಮಗುವನ್ನು ಕೆಟ್ಟದಾಗಿ ಸಾಕಿದ್ದೀ’ ಎಂದು ಕೇಳಿಸುತ್ತದೆ. ಗೋಡೆಬರಹಕ್ಕೆ ‘ಪೋಷಣೆಯ ಏರುಪೇರು’ ಚೆನ್ನಾಗಿ ಹೊಂದುತ್ತದೆ, ಏರಿದ್ದೂ ಇಳಿದದ್ದೂ ಅದರಲ್ಲಿ ಸೇರುತ್ತದೆ. ‘ಅಪೌಷ್ಟಿಕತೆ’ಯನ್ನು ಕಿತ್ತುಹಾಕುವುದು ಬೇಡ. ಅಂಗನವಾಡಿಯ ರಿಜಿಸ್ಟರಿನಿಂದ ಹಿಡಿದು ಪತ್ರಿಕೆಯವರೆಗೆ ಅದು ಬೇರೂರಿದೆ. ಕೊರತೆಯ ಬದಿಗೆ ಮಾತ್ರ ಅದನ್ನು ಮೀಸಲಿಡಿ. ಶಾಸ್ತ್ರೀಯ ಬರಹಕ್ಕೆ ನ್ಯೂನಪೋಷಣೆ, ಅತಿಪೋಷಣೆ ಎಂಬ ಜೋಡಿ ಸಿದ್ಧವಾಗಿಯೇ ಇದೆ.

‘ಕುಬ್ಜತೆ’ ಖಂಡಿತ ಬೇಡ. ಕುಬ್ಜೆ ಎಂದರೆ ಕೃಷ್ಣನ ಕಥೆಯ ಗೂನುಬೆನ್ನಿನವಳು. ಇಂದಿನ ಮಾತಿನಲ್ಲಿ ಕುಬ್ಜ ಎಂದರೆ ಹುಟ್ಟಿನಿಂದ ಬರುವ ಬೇರೆಯೇ ಸ್ಥಿತಿ. ಸ್ಟಂಟಿಂಗ್ ಹುಟ್ಟುಗುಣವಲ್ಲ. ಗರ್ಭದಿಂದ ಎರಡು ವರ್ಷದವರೆಗೆ ಆಹಾರದ ಕೊರತೆ, ಮರುಮರಳಿ ಬರುವ ಭೇದಿ, ಸೋಂಕುಗಳಿಂದ ಎಲುಬಿನ ಬೆಳವಣಿಗೆ ತಡೆದು ನಿಂತದ್ದು. ‘ಕುಂಠಿತ ಬೆಳವಣಿಗೆ’ ಸರಿಯಾಗಿ ಕೂರುತ್ತದೆ. ವ್ಯಾಖ್ಯೆ ಬರೆಯುವಾಗ ‘ವಯಸ್ಸಿಗೆ ತಕ್ಕ ಎತ್ತರವಿಲ್ಲ’ ಎನ್ನಿ. ವೇಸ್ಟಿಂಗ್‌ಗೆ ‘ಕೃಶತೆ’ ಇದೆ, ಅದರ ವ್ಯಾಖ್ಯೆ ‘ಎತ್ತರಕ್ಕೆ ತಕ್ಕ ತೂಕವಿಲ್ಲ’. ‘ಕಡಿಮೆ ತೂಕ’ ಮೂರನೆಯದು, ವಯಸ್ಸಿಗೆ ತಕ್ಕ ತೂಕವಿಲ್ಲದಿರುವುದು. ಈ ಮೂರನ್ನೂ ‘ಅಪೌಷ್ಟಿಕ ಮಕ್ಕಳು’ ಎಂಬ ಒಂದೇ ಕಂಬಸಾಲಿಗೆ ತುಂಬಿದರೆ ಯೋಜನೆ ಕೆಲಸಕ್ಕೆ ಬಾರದಾಗುತ್ತದೆ. ತೀವ್ರವಾಗಿ ಕೃಶವಾದ ಮಗುವಿಗೆ ಇಂದೇ ಚಿಕಿತ್ಸೆ ಬೇಕು, ಕುಂಠಿತಗೊಂಡ ಮಗುವಿಗೆ ವಾರದಲ್ಲಿ ಏನೂ ಬದಲಾಗದು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನವರಲ್ಲಿ ಕುಂಠಿತ ಶೇ 35.5, ಕೃಶ ಶೇ 19.3, ಕಡಿಮೆ ತೂಕ ಶೇ 32.1 ಎಂದಿದೆ. ಒಂದೇ ಮಗು ಎರಡು ಮೂರು ಗುಂಪುಗಳಲ್ಲಿ ಇರಬಹುದು, ಆದ್ದರಿಂದ ಕೂಡಿಸಿ ಒಟ್ಟು ಬರೆಯುವಂತಿಲ್ಲ. ಕೂಡಿಸಿ ಬರೆದ ಫಲಕಗಳೂ ಉಂಟು.

ಇಲ್ಲೇ ಇನ್ನೊಂದು ಸಣ್ಣ ಪದಕ್ಕೆ ಗಮನ ಕೊಡಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಅದು ‘ಉದ್ದ’. ಎರಡು ತುಂಬಿದ ಮೇಲೆ ನಿಲ್ಲಿಸಿ ಅಳೆಯುವುದು ‘ಎತ್ತರ’. ನಮೂನೆಯಲ್ಲಿ ‘ಎತ್ತರ’ ಎಂದಷ್ಟೇ ಅಚ್ಚಾದರೆ ಒಂದೂವರೆ ವರ್ಷದ ಮಗುವನ್ನೂ ನಿಲ್ಲಿಸುತ್ತಾರೆ. ನಿಂತಾಗ ಅಳತೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಗಡಿರೇಖೆಯಲ್ಲಿರುವ ಮಗು ಇಷ್ಟಕ್ಕೇ ಕುಂಠಿತರ ಪಟ್ಟಿಗೆ ಬೀಳುತ್ತದೆ. ನಿಲ್ಲಿಸಿಯೇ ಅಳೆದದ್ದಾದರೆ 0.7 ಕೂಡಿಸಬೇಕು. ತಲೆಯ ಜುಟ್ಟು ಬಿಚ್ಚದೆ ಅಳೆದರೆ ತಪ್ಪು ಇನ್ನೊಂದು ಬದಿಗೆ. ತೋಳುಪಟ್ಟಿಗೆ ಈ ಗೋಜಿಲ್ಲ: ಆರು ತಿಂಗಳಿಂದ ಐದು ವರ್ಷದವರೆಗೆ ಎಡತೋಳಿನ ನಡುವಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು (ತೀವ್ರ ಕೊರತೆ), 12.5ರವರೆಗೆ ಹಳದಿ (ಮಧ್ಯಮ). ಆದರೆ ಪಟ್ಟಿಯನ್ನು ಬಿಗಿದು ಎಳೆದರೆ ಗಟ್ಟಿಮುಟ್ಟಾದ ಮಗುವೂ ಹಳದಿಗೆ ಇಳಿಯುತ್ತದೆ.

ಮುಂದಿನದು ‘ಪೂರಕ ಆಹಾರ’. ನಿಮ್ಮ ಪುಟದಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಇದೇ ಗೊಂದಲ. ಒಂದನೇ ಅರ್ಥ, ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಶುರುಮಾಡುವ ಮನೆಯ ಆಹಾರ. ಎರಡನೆಯದು, 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ಅಂಗನವಾಡಿ ಕೊಡುವ ಆಹಾರ. ಈ ಎರಡನೆಯದಕ್ಕೆ ಲೆಕ್ಕ ಇದೆ: 2023ರಲ್ಲಿ ಪರಿಷ್ಕರಿಸುವ ಮುಂಚೆ ಆರು ತಿಂಗಳಿಂದ ಆರು ವರ್ಷದವರಿಗೆ ದಿನಕ್ಕೆ 500 ಕಿಲೋಕ್ಯಾಲರಿ, 12–15 ಗ್ರಾಂ ಪ್ರೋಟೀನ್ ಎಂದಿತ್ತು. ತೀವ್ರ ಅಪೌಷ್ಟಿಕ ಮಕ್ಕಳಿಗೆ 800, ಬಸುರಿ ಬಾಣಂತಿಯರಿಗೆ 600 ಕಿಲೋಕ್ಯಾಲರಿ ಇತ್ತು. ಇದು ಮನೆಯೂಟದ ಕೊರತೆಯನ್ನು ತುಂಬಲು, ಮನೆಯೂಟದ ಬದಲಿಗಲ್ಲ. ‘ಪೂರಕ’ದ ಈ ಅರ್ಥ ತಪ್ಪಿದರೆ ಅಂಗನವಾಡಿಯಿಂದ ಬಂದ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಇಲ್ಲವೇ ‘ಅಲ್ಲಿ ತಿಂದಾಯ್ತಲ್ಲ’ ಎಂದು ಮಗುವಿನ ಮಧ್ಯಾಹ್ನದೂಟ ಕಡಿತವಾಗುತ್ತದೆ.

ಅಂಗನವಾಡಿಯದ್ದನ್ನು ‘ಪೂರಕ ಪೌಷ್ಟಿಕ ಆಹಾರ’ ಎಂದೇ ಉಳಿಸಿ, ಕಡತದ ಹೆಸರು ಅದೇ. ಮಗುವಿನದ್ದನ್ನು ‘ಎದೆಹಾಲಿನ ಜೊತೆಯೂಟ’ ಎನ್ನಿ. ಅದರ ಕೆಳಗೆ ಪ್ರಮಾಣ ಬರೆಯಿರಿ: ಎರಡು ಮೂರು ಚಮಚದಿಂದ ಶುರು, ಎಂಟು ತಿಂಗಳೊಳಗೆ 250 ಮಿ.ಲೀ. ಬಟ್ಟಲಿನ ಅರ್ಧದವರೆಗೆ, ದಿನಕ್ಕೆ ಎರಡು ಮೂರು ಸಲ. ಒಂಬತ್ತನೇ ತಿಂಗಳಿಂದ ಅರ್ಧ ಬಟ್ಟಲು ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ನಮ್ಮ ಕಡೆಯ ರಾಗಿ ಮಣ್ಣಿ ಈ ಹೊತ್ತಿಗೆ ಒಳ್ಳೆಯದೇ. ಎಡವುವುದು ಎರಡು ಕಡೆ. ನೆನೆಸಿ ಅರೆದ ರಾಗಿಯನ್ನು ತೆಳುಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿದರೆ ಹೊಟ್ಟಿನ ಜೊತೆ ಕಬ್ಬಿಣ, ಸುಣ್ಣಾಂಶಗಳ ಒಂದು ಪಾಲೂ ಚರಟಕ್ಕೆ ಹೋಗುತ್ತದೆ. ಮತ್ತೆ ‘ಮಗುವಿಗೆ ಗಂಟಲಲ್ಲಿ ಸಿಕ್ಕೀತು’ ಎಂದು ನೀರು ಸೇರಿಸಿ ತೆಳ್ಳಗೆ ಮಾಡುವುದು. ಮಗುವಿನ ಹೊಟ್ಟೆ ಚಿಕ್ಕದು, ನೀರಿನಲ್ಲೇ ತುಂಬಿಬಿಡುತ್ತದೆ. ಚಮಚ ಓರೆಮಾಡಿದರೆ ಸರಕ್ಕನೆ ಜಾರಬಾರದು, ಅಷ್ಟು ದಪ್ಪ ಬೇಕು. ಮೇಲೆ ಒಂದು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ. ಮಣ್ಣಿಯೊಂದರಲ್ಲೇ ದಿನ ಕಳೆಯಬಾರದು. ಬೇಳೆ, ಮೊಟ್ಟೆ ಇಲ್ಲವೇ ಮೀನು, ಹಸಿರು ಸೊಪ್ಪು, ಹಣ್ಣು ಒಂದೊಂದಾಗಿ ಸೇರಬೇಕು.

‘ಸಾರವರ್ಧಿತ ಅಕ್ಕಿ’. ಹೆಸರು ಸರಕಾರಿ ಚೀಲದ ಮೇಲೇ ಬಂದಿರುವುದರಿಂದ ಬದಲಿಸಲು ಹೋಗಬೇಡಿ, ಬಿಡಿಸಿ ಹೇಳಿ. ‘ಬಲವರ್ಧಿತ’ ಎಂದರೆ ಟಾನಿಕ್ಕಿನ ಭ್ರಮೆ ಹುಟ್ಟುತ್ತದೆ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ತಂದ ಕಾಳನ್ನು ಸಾಮಾನ್ಯ ಅಕ್ಕಿಯ 100 ಪಾಲಿಗೆ 1 ಪಾಲಿನಂತೆ ಬೆರೆಸುತ್ತಾರೆ. ಬೆರೆತ ಅಕ್ಕಿಯ ಒಂದು ಕಿಲೋದಲ್ಲಿ ಕಬ್ಬಿಣ 28ರಿಂದ 42.5 ಮಿಲಿಗ್ರಾಂ, ಫೋಲಿಕ್ ಆಮ್ಲ 75ರಿಂದ 125 ಮೈಕ್ರೋಗ್ರಾಂ, ಬಿ12 0.75ರಿಂದ 1.25 ಮೈಕ್ರೋಗ್ರಾಂ ಇರಬೇಕು. ಈ ಕಾಳುಗಳ ಬಣ್ಣ ತುಸು ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗುಲ್ಲು ಹುಟ್ಟುವುದೇ ಇಲ್ಲಿ. ಕರಾವಳಿಯಲ್ಲಿ ಕುಚ್ಚಲಕ್ಕಿಯ ನಡುವೆ ಅವು ಇನ್ನೂ ಎದ್ದು ಕಾಣುತ್ತವೆ. ಆರಿಸಿ ಎಸೆದರೆ ಉಳಿಯುವುದು ಬರೀ ಅಕ್ಕಿ. ಗೋಡೆಯಲ್ಲಿ ‘ಸಾರವರ್ಧಿತ ಅಕ್ಕಿ: ತೇಲುವ ಕಾಳು ಎಸೆಯಬೇಡಿ, ಕಬ್ಬಿಣಾಂಶ ಇರುವುದು ಅದರಲ್ಲೇ’ ಎಂದು ಬರೆಸಿದರೆ ಪದದ ಅರ್ಥವೂ ಆಯಿತು, ಕೆಲಸವೂ ಆಯಿತು.

ಉತ್ತರ 2 (ಮಂಗಳೂರಿನಿಂದ):

ಮೇಲಿನದಕ್ಕೆ ಊರಮಾತಿನ ಕಡೆಯಿಂದ ಒಂದಿಷ್ಟು.

ನಮ್ಮಲ್ಲಿ ತೆಳ್ಳಗಿರುವುದಕ್ಕೆ ‘ಸಪೂರ’ ಎನ್ನುತ್ತೇವೆ, ಕನ್ನಡದಲ್ಲೂ ತುಳುವಿನಲ್ಲೂ. ಅದು ದೂರಲ್ಲ, ಎಷ್ಟೋ ಸಲ ಹೊಗಳಿಕೆಯೇ. ಘಟ್ಟದ ಮೇಲಿನ ಕರಪತ್ರದ ‘ತೆಳ್ಳಗಿನ ಮಗು’ವನ್ನು ಇಲ್ಲಿಗೆ ‘ಸಪೂರದ ಮಗು’ ಎಂದು ಒಗ್ಗಿಸಿದರೆ ‘ನಮ್ಮ ಮನೆಯಲ್ಲಿ ಎಲ್ಲರೂ ಸಪೂರವೇ’ ಎಂಬ ಉತ್ತರ ಸಿದ್ಧ. ಅದರ ಬದಲು ‘ಸೊರಗಿದ ಮಗು’ ಎನ್ನಿ. ಸೊರಗುವುದೆಂದರೆ ಇದ್ದದ್ದು ಕಳೆದುಕೊಳ್ಳುವುದು. ‘ಕೃಶತೆ’ಗಿಂತ ಇದೇ ಇಂಗ್ಲಿಷಿನ ‘ವೇಸ್ಟಿಂಗ್’ಗೆ ಹತ್ತಿರ ಎಂದು ನನಗೆ ಕಾಣುತ್ತದೆ.

‘ರಕ್ತಹೀನತೆ’ಯ ಬಗ್ಗೆ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಹೇಳಬೇಕು. ಆ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ 67.1. ಜನ ಹೇಳುವುದು ‘ರಕ್ತ ಕಮ್ಮಿ’, ತುಳುವಿನಲ್ಲಿ ‘ನೆತ್ತೆರ್ ಕಮ್ಮಿ’. ಎರಡರಲ್ಲೂ ಪಾತ್ರೆಯಲ್ಲಿ ನೀರು ತಗ್ಗಿದಂಥ ಚಿತ್ರ. ಅದರಿಂದಲೇ ‘ಇರುವ ರಕ್ತವನ್ನೂ ಪರೀಕ್ಷೆಗೆ ತೆಗೆಯುವುದಾ’ ಎಂಬ ಅಂಜಿಕೆ, ಕೆಂಪಗಿದೆ ಎಂದು ಬೀಟ್‌ರೂಟಿನ ಮೇಲೆ ಅತಿಯಾದ ನಂಬಿಕೆ. ಕಡಿಮೆಯಾದದ್ದು ರಕ್ತವಲ್ಲ, ಅದರೊಳಗಿನ ಹಿಮೋಗ್ಲೋಬಿನ್. ‘ರಕ್ತದ ಸತ್ವ ಕಮ್ಮಿ’ ಎಂದರೆ ಪೂರಾ ಶಾಸ್ತ್ರೀಯವಲ್ಲ, ಆದರೆ ದಾರಿ ತಪ್ಪಿಸುವುದಿಲ್ಲ. ಬಸುರಿಯರಿಗೆ ಡೆಸಿಲೀಟರಿಗೆ 11 ಗ್ರಾಂಗಿಂತ ಇಳಿದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ಚಹಾ ಕಾಫಿಯ ಜೊತೆ ನುಂಗಿದರೆ ದೇಹ ಹೀರಿಕೊಳ್ಳುವುದು ಬಹಳ ಕಡಿಮೆ, ಒಂದು ಗಂಟೆಯಾದರೂ ಅಂತರ ಬೇಕು. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಮಾತ್ರೆ ಬಿಡುತ್ತಾರೆ.

ಅಕ್ಕಿಯ ವಿಷಯದಲ್ಲಿ ‘ಬಸಿಯುವುದು’ ಎಂಬ ಕ್ರಿಯಾಪದ ಮುಖ್ಯ. ಇಲ್ಲಿ ಅನ್ನ ಮಾಡುವುದೆಂದರೆ ಬಸಿಯುವುದು. ತೆಳಿ (ಅನ್ನ ಬಸಿದ ಗಂಜಿನೀರು) ದನಕ್ಕೆ ಹೋಗುತ್ತದೆ, ದನವಿಲ್ಲದ ಮನೆಯಲ್ಲಿ ಮೋರಿಗೆ. ಭತ್ತವನ್ನು ಕುಚ್ಚುವಾಗ, ಅಂದರೆ ಬೇಯಿಸುವಾಗ, ತವುಡಿನ ಬಿ1 ವಿಟಮಿನ್ ಕಾಳಿನೊಳಕ್ಕೆ ಇಳಿದಿರುತ್ತದೆ. ಹಾಗಾಗಿ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಬೆಳ್ತಿಗೆ ಅಕ್ಕಿಗಿಂತ (ಕುಚ್ಚದ ಬಿಳಿ ಅಕ್ಕಿ) ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿಯುತ್ತದೆ. ಆದರೆ ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು, ಒಂದು ಪಾಲು ತೆಳಿಯ ಜೊತೆ ಹೋಗಿಯೇ ಹೋಗುತ್ತದೆ. ಸಾರವರ್ಧಿತ ಕಾಳಿಗೂ ಇದೇ ಮಾತು. ‘ಬಸಿಯಬೇಡಿ’ ಎಂದು ಇಲ್ಲಿ ಬರೆದರೆ ಯಾರೂ ಕೇಳುವುದಿಲ್ಲ ಮಾರಾಯ್ರೆ. ‘ತೆಳಿ ಚೆಲ್ಲಬೇಡಿ, ಗಂಜಿಗೆ ಉಳಿಸಿ’ ಎಂದರೆ ಕೇಳಬಹುದು.

ಕೊನೆಯ ಪ್ರಶ್ನೆಗೆ: ‘ಆಹಾರಜನ್ಯ ರೋಗ’ ಆಗದು. ಅದು ಕೆಟ್ಟ, ಕಲುಷಿತ ಆಹಾರದಿಂದ ಬರುವ ವಾಂತಿಭೇದಿ, ಟೈಫಾಯ್ಡ್ ಮುಂತಾದವುಗಳಿಗೆ ನೆಲೆನಿಂತ ಪದ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಕ್ಕೆ ‘ಆಹಾರಕ್ರಮದ ಕಾಯಿಲೆಗಳು’ ಎನ್ನಿ. ‘ಪಥ್ಯ’ವನ್ನು ಡಯಟ್‌ಗೆ ಬಳಸಬೇಡಿ. ಪಥ್ಯ ಎಂದರೆ ಸೀಕಾದಾಗ ಕೆಲವು ದಿನ ಕೆಲವನ್ನು ಬಿಡುವುದು, ಗುಣವಾದ ಮೇಲೆ ಮುಗಿಯಿತು. ಸಕ್ಕರೆ ಕಾಯಿಲೆಯವರು ಚಹಾದ ಸಕ್ಕರೆ ಬಿಟ್ಟು ‘ಪಥ್ಯದಲ್ಲಿದ್ದೇನೆ’ ಎಂದುಕೊಂಡು ‘ಕುಚ್ಚಲಕ್ಕಿ ತಾನೇ’ ಎಂದು ಮೂರು ಹೊತ್ತು ಬಟ್ಟಲು ತುಂಬ ಗಂಜಿ ಉಣ್ಣುವುದು ಆ ಪದ ಮಾಡಿದ ಕೇಡು.

ಉತ್ತರ 1ರಿಂದ ಮತ್ತೆ:

‘ತೆಳಿ ಉಳಿಸಿ’ ಒಪ್ಪಿದೆ. ‘ಸೊರಗಿದ’ ಕೂಡ, ರಿಜಿಸ್ಟರಿನಲ್ಲಿ ಮಾತ್ರ ‘ಕೃಶ’ ಇರಲಿ.

ಮೂಲ ಸಾರಾಂಶದಲ್ಲಿ ಒಂದು ಸಾಲು ಖಂಡಿತ ಬರುತ್ತದೆ, ಅಲ್ಲಿ ಎಚ್ಚರ. 2018ರ ಪೋಷಣ್ ಅಭಿಯಾನದ (ಕೇಂದ್ರ ಸರಕಾರದ ಪೋಷಣೆ ಯೋಜನೆ) ಗುರಿಯನ್ನು ‘ಕುಂಠಿತ ಬೆಳವಣಿಗೆ ವರ್ಷಕ್ಕೆ ಶೇ 2ರಷ್ಟು ಇಳಿಕೆ’ ಎಂದು ಬರೆಯುತ್ತಾರೆ. ಉದ್ದೇಶ ಅದಲ್ಲ. ಕುಂಠಿತ ಮಕ್ಕಳ ಪ್ರಮಾಣವನ್ನು ಶೇ 38.4ರಿಂದ 36.4, ಅಲ್ಲಿಂದ 34.4, ಹೀಗೆ ಎರಡೆರಡು ಅಂಶ ಇಳಿಸಬೇಕೆಂಬುದು. 2022ಕ್ಕೆ 25 ಮುಟ್ಟುವ ಹಂಬಲವೂ ಜೊತೆಗಿತ್ತು. ‘ಶೇ 2ರಷ್ಟು ಇಳಿಕೆ’ಯನ್ನು ಅಕ್ಷರಶಃ ಲೆಕ್ಕ ಹಾಕಿದರೆ ಮೂರು ವರ್ಷದ ಮೇಲೂ 36.1ರಲ್ಲೇ ಇರುತ್ತೀರಿ, ಗುರಿಯ ಪ್ರಕಾರ 32.4 ಆಗಬೇಕು. ‘ವರ್ಷಕ್ಕೆ 2 ಶೇಕಡಾ ಅಂಶ’ ಎಂದು ಬರೆಯಿರಿ, ಪಕ್ಕದಲ್ಲಿ ‘ನೂರು ಮಕ್ಕಳಲ್ಲಿ ಇಬ್ಬರು ಕಡಿಮೆ’ ಎಂದು ಸೇರಿಸಿ.

ಉಪ್ಪಿನ ಬಗ್ಗೆಯೂ ಒಂದು ಮಾತು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪೊಟ್ಟಣದ ಮೇಲೆ ಅಚ್ಚಾಗುವುದು ಉಪ್ಪಲ್ಲ, ಸೋಡಿಯಂ. ಅದನ್ನು 2.5ರಿಂದ ಗುಣಿಸಿದರೆ ಉಪ್ಪು. ಗಂಜಿಯ ಜೊತೆಯ ಉಪ್ಪಿನಕಾಯಿ, ಒಣಮೀನು, ಹಪ್ಪಳ ಈ ಚಮಚದೊಳಗೇ ಸೇರಬೇಕೆಂಬುದನ್ನು ಬಿಡಿಸಿ ಬರೆಯಿರಿ, ‘ಉಪ್ಪು’ ಎಂದರೆ ಡಬ್ಬಿಯದ್ದು ಮಾತ್ರ ಎಂದುಕೊಳ್ಳುವವರೇ ಹೆಚ್ಚು. ಸಾರಾಂಶದ ಕೊನೆಗೆ ಅಡುಗೆ ವಿಧಾನಗಳನ್ನು ಸೇರಿಸುವುದಿದ್ದರೆ ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬ ಮಾತನ್ನು ತೆಗೆದು ಗ್ರಾಂ ಲೆಕ್ಕ ಹಾಕಿ. ಯಾರ ರುಚಿಗೆ ಎಂಬ ಪ್ರಶ್ನೆ ಅಲ್ಲೇ ಉಳಿದುಬಿಡುತ್ತದೆ.