ಸ್ಟುಡಿಯೊದ ಎರಡು ಕಂಪ್ಯೂಟರ್ ನಡುವೆ ಫೈಲ್ ಕಳಿಸೋಕೆ ಯಾವ ಸಾಫ್ಟ್‌ವೇರ್ ಫಾಸ್ಟ್?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ನಮ್ಮ ಫೋಟೊ ಸ್ಟುಡಿಯೊ ಇದೆ. ಮದುವೆ ವಿಡಿಯೊ ಒಂದು ಕಂಪ್ಯೂಟರಿಂದ ಎಡಿಟಿಂಗ್ ಕಂಪ್ಯೂಟರ್‌ಗೆ ಹಾಕಬೇಕು, ಸುಮಾರು 200 ಜಿಬಿ. ವಿಂಡೋಸ್ ಶೇರಿಂಗ್, ಫೈಲ್‌ಜಿಲ್ಲಾದ ಎಫ್‌ಟಿಪಿ, ಟೆರಾಕಾಪಿ ಎಲ್ಲಾ ನೋಡಿದೆ. ಯಾವುದರಲ್ಲೂ ಸೆಕೆಂಡಿಗೆ 11 ಎಂಬಿ ದಾಟ್ತಿಲ್ಲ. ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್ ಇದ್ದರೂ ಹೇಳಿ.

ಉತ್ತರ: ದುಡ್ಡು ಕೊಡೋದು ಬೇಡ ಸರ್. ಮೂರೂ 11ಕ್ಕೇ ಬಂದು ನಿಲ್ತಾವೆ ಅಂದ್ರೆ ದಾರೀನೇ ಇಕ್ಕಟ್ಟಾಗಿದೆ. ನಿಮ್ಮ ಎರಡು ಕಂಪ್ಯೂಟರ್ ನಡುವಿನ ಲಿಂಕ್ 100 ಎಂಬಿಪಿಎಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಓಡ್ತಿದೆ. ಅದು ಬಿಟ್ ಲೆಕ್ಕ, ಕಾಪಿ ಮಾಡುವಾಗ ಕಾಣೋದು ಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್, ಹಾಗಾಗಿ 8ರಿಂದ ಭಾಗಿಸಿದ್ರೆ 12.5. ಪ್ರತಿ ಪ್ಯಾಕೆಟ್ (ಡೇಟಾ ತುಂಡು) ಜೊತೆ ಹೋಗೋ ವಿಳಾಸ ಗಿಳಾಸ ಕಳೆದ್ರೆ ಕೈಗೆ ಸಿಗೋದು 11 ಚಿಲ್ಲರೆ. ಗಿಗಾಬಿಟ್ (1000 ಎಂಬಿಪಿಎಸ್) ಆದ್ರೆ 110ರ ಆಸುಪಾಸು. ಈಗ 5 ತಾಸು ಹಿಡಿಯೋ ಕೆಲಸ ಆಗ ಅರ್ಧ ತಾಸು.

ಈಗಿನ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಗಿಗಾಬಿಟ್ ಪೋರ್ಟೇ ಇರುತ್ತೆ. ಹಾಗಾಗಿ ಮೊದಲು ಕೇಬಲ್‌ಗಳು ಬಂದು ಸೇರೋ ನೆಟ್‌ವರ್ಕ್ ಸ್ವಿಚ್ ಡಬ್ಬಿ ನೋಡ್ರಿ, 10/100 ಅಂತಷ್ಟೇ ಬರೆದಿದ್ರೆ ಬದಲಿಸ್ರಿ. ಆಮೇಲೆ ಕೇಬಲ್. ಅದರಲ್ಲಿ 8 ತಂತಿ. 100ಕ್ಕೆ ಕಿತ್ತಳೆ, ಹಸಿರು ಜೋಡಿ ಎರಡೇ ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಜೋಡಿನೂ ಬೇಕು. ಕನೆಕ್ಟರನ್ನ ಬೆಳಕಿಗೆ ಹಿಡಿದು ನೋಡ್ರಿ, ಕಂದು ತಂತಿ ತುದಿ ಮುಟ್ಟದೆ ಹಿಂದೆ ಉಳಿದಿರೋದು ಎಷ್ಟೋ ಕಡೆ ಕಾಣುತ್ತೆ. ನೆಟ್ ಮಾಮೂಲಿ ಓಡ್ತಾನೇ ಇರುತ್ತೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ.

ಪ್ರಶ್ನೆ: ಕೇಬಲ್ಲೇ ಸರ್! ತುದಿಗೆ ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡಿಸಿದ ಮೇಲೆ ವಿಡಿಯೊ 110ರಲ್ಲಿ ಹೋಗ್ತಿದೆ. ಆದ್ರೆ ಆಲ್ಬಮ್ ಫೋಟೊ ಫೋಲ್ಡರ್ ಮಾತ್ರ 20ರಲ್ಲೇ ತೆವಳ್ತಿದೆ. ಇದಕ್ಕೂ ಕೇಬಲ್ ಕಾರಣನಾ?

ಉತ್ತರ: ಇಲ್ಲ, ಸಾಫ್ಟ್‌ವೇರ್ ಆಯ್ಕೆ ನಿಜವಾಗಿ ಲೆಕ್ಕಕ್ಕೆ ಬರೋದೇ ಇಲ್ಲಿ. ದೊಡ್ಡ ವಿಡಿಯೊ ಒಂದೇ ಸಮ ಹರಿಯುತ್ತೆ, ಅಲ್ಲಿ ಶೇರಿಂಗ್ ಆಗಲಿ ಎಫ್‌ಟಿಪಿ ಆಗಲಿ ಅಂಥ ವ್ಯತ್ಯಾಸ ಇಲ್ಲ. ಸಾವಿರಾರು ಸಣ್ಣ ಫೈಲ್ ಇದ್ದಾಗ ಪ್ರತಿಯೊಂದಕ್ಕೂ ತೆರೆ, ಬರೆ, ಮುಚ್ಚು ಅಂತ ಎರಡೂ ಕಂಪ್ಯೂಟರ್ ಮಾತಾಡಿಕೊಳ್ಳಬೇಕು. ಜೊತೆಗೆ ಆಂಟಿವೈರಸ್ ಒಂದೊಂದನ್ನೂ ತಪಾಸಣೆ ಮಾಡುತ್ತೆ. ಹಳೇ ಹಾರ್ಡ್‌ಡಿಸ್ಕ್ ಆದ್ರೆ ಅದರೊಳಗೆ ಓದೋ, ಬರೆಯೋ ಹೆಡ್ ಓಡಾಟ ಬೇರೆ.

ವಿಂಡೋಸ್ ಜೊತೆಗೇ ಬರೋ, ಕಮಾಂಡ್ ಟೈಪ್ ಮಾಡಿ ನಡೆಸೋ ರೋಬೊಕಾಪಿ ಬಳಸ್ರಿ. ಅದರಲ್ಲಿ ‘ಎಂಟಿ’ (/MT) ಆಯ್ಕೆ ಹಾಕಿದ್ರೆ ಒಟ್ಟಿಗೆ 8 ಫೈಲ್ ಹೋಗ್ತವೆ. 128ರವರೆಗೆ ಏರಿಸಬಹುದು, ಆದ್ರೆ ಹಾರ್ಡ್‌ಡಿಸ್ಕ್‌ಗೆ ಅಷ್ಟು ಹೇರಬೇಡ್ರಿ. ಫೈಲ್‌ಜಿಲ್ಲಾನೇ ಇಷ್ಟ ಅಂದ್ರೆ ಸೆಟ್ಟಿಂಗ್‌ನಲ್ಲಿ ಏಕಕಾಲದ ವರ್ಗಾವಣೆ 2 ಇರುತ್ತೆ, 10 ಮಾಡ್ರಿ. ಡೇಟಾನ ಗೂಢಲಿಪಿ ಮಾಡಿ ಕಳಿಸೋ ಎಸ್‌ಎಫ್‌ಟಿಪಿ ನಿಮ್ಮ ಎರಡು ಕಂಪ್ಯೂಟರ್ ನಡುವೆ ಬೇಕಿಲ್ಲ, ಅದಕ್ಕೆ ಪ್ರೊಸೆಸರ್ ದುಡೀಬೇಕಾಗುತ್ತೆ.

ಸಾಫ್ಟ್‌ವೇರ್‌ಗಳನ್ನ ಹೋಲಿಸಿ ನೋಡೋದಾದ್ರೆ ಕಾಪಿ ಆಗುವಾಗ ಪರದೆಯಲ್ಲಿ ಕಾಣೋ ವೇಗ ನಂಬಬೇಡ್ರಿ, ಗಡಿಯಾರ ಹಿಡೀರಿ. ಶುರುವಿನಲ್ಲಿ ಡೇಟಾ ರ್‍ಯಾಮ್‌ಗೆ ಇಳಿಯೋದ್ರಿಂದ ವೇಗ ಜಾಸ್ತಿ ತೋರಿಸುತ್ತೆ. ಅದೇ ಫೋಲ್ಡರ್ ಎರಡನೇ ಸಲ ಕಳಿಸಿದ್ರೆ ಅದು ಡಿಸ್ಕಿನಿಂದಲ್ಲ, ರ್‍ಯಾಮ್‌ನಿಂದಲೇ ಬರಬಹುದು. ಆಗ ಎರಡನೇ ಸಾಫ್ಟ್‌ವೇರ್ ಸುಮ್ಮನೆ ಗೆಲ್ಲುತ್ತೆ. ಪ್ರತಿ ಸಲ ಎರಡೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ನೋಡ್ರಿ.