ಪದ ಬೇಕು: ‘ಕಾಂಪ್ಯಾಕ್ಟ್ ಜೂಮ್ ಲೆನ್ಸ್’ (ಅವಸರ, ನಾಳೆ ಸಂಜೆ ಅಚ್ಚಿಗೆ)

ಕನ್ನಡ ಪದ ಹುಡುಕುವ ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಅಣ್ಣನ ಮಗ ದಾವಣಗೆರೆಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದಾನೆ. ಆಟ ನೋಡಲು ಹೋಗಿ, ಜನರ ನಡುವೆ ಕೂತೇ ಫೋಟೊ ತೆಗೆಯುವವರಿಗಾಗಿ ಒಂದು ಫ್ಲೆಕ್ಸ್, ಒಂದು ಪುಟದ ಕರಪತ್ರ ಮಾಡಿಸುತ್ತಿದ್ದಾನೆ. ಕನ್ನಡದಲ್ಲೇ ಇರಬೇಕು ಅಂತ ಅವನ ಆಸೆ. ನಾಳೆ ಸಂಜೆ 5ಕ್ಕೆ ಪ್ರೆಸ್ಸಿಗೆ ಕೊಡಬೇಕು.

ನಾನು ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ‘ಅಡಕ ಹಿಗ್ಗುಮಸೂರ’ ಅಂತ ಬರೆದೆ. ಅಂಗಡಿಯ ಹುಡುಗರಿಗೆ ತೋರಿಸಿದರೆ ಒಬ್ಬರಿಗೂ ತಿಳಿಯಲಿಲ್ಲ. ‘ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್’ ಅಂದರೆ ಮೂರಡಿ ಬೋರ್ಡಿಗೆ ಹಿಡಿಯುವುದಿಲ್ಲ. ಲೆನ್ಸಿನೊಳಗೆ ಬೆಳಕು ಬಿಡುವ ತೂತು, ಅಂದರೆ ‘ಅಪರ್ಚರ್’ಗೂ ಒಂದು ಪದ ಬೇಕು. ‘ದ್ಯುತಿರಂಧ್ರ’ ಅನ್ನುವುದಕ್ಕೆ ಮನಸ್ಸು ಬರುತ್ತಿಲ್ಲ. ದಯವಿಟ್ಟು ಸಹಾಯ ಮಾಡಿ.

— ವಿದ್ಯಾನಗರ, ದಾವಣಗೆರೆ

*

‘ಹಿಗ್ಗುಮಸೂರ’ ಕನ್ನಡ, ಸಂಸ್ಕೃತ ಬೆರೆಸಿದ ಅರಿಸಮಾಸ. ಬೋರ್ಡಿಗೆ ಹಾಕಬೇಡಿ.

ಮಸೂರ ಕನ್ನಡವೇ ಅಲ್ಲ. ‘ಗಾಜುಗಣ್ಣು’ ಅನ್ನಿ. ಜೂಮ್ ಇರುವುದು ‘ಹಿಗ್ಗುಗಣ್ಣು’. ಅಚ್ಚಗನ್ನಡ, ಬೋರ್ಡಿಗೂ ಹಿಡಿಯುತ್ತದೆ.

— ಹರಿಹರ

*

ಗಾಜು ಕೂಡ ‘ಕಾಚ’ದ ತದ್ಭವ. ಹಾಗಾಗಿ ಅಚ್ಚಗನ್ನಡದ ಮಾತು ಅಲ್ಲಿಗೇ ಮುಗಿಯಿತು.

ಮಸೂರವನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ. ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಅಂದರೆ ಬೇಳೆ. ಸಂಸ್ಕೃತದ ‘ಮಸೂರ’ವೂ ಅದೇ ಬೇಳೆ, ನಾವು ಅಡುಗೆಮನೆಯಲ್ಲಿ ಚನ್ನಂಗಿ ಅನ್ನುವುದು. ಎರಡೂ ಕಡೆ ಉಬ್ಬಿದ ಕಾಳಿನ ಆಕಾರ ನೋಡಿಯೇ ಗಾಜಿಗೆ ಆ ಹೆಸರು ಬಂತು. ಇಷ್ಟು ಚೆನ್ನಾಗಿ ಹೊಂದುವ ಅನುವಾದ ವಿಜ್ಞಾನದ ಪದಗಳಲ್ಲಿ ಅಪರೂಪ. ನಾನು ವರ್ಷಗಟ್ಟಲೆ ಪೀನ ಮಸೂರ, ನಿಮ್ನ ಮಸೂರ ಅಂತ ಪಾಠ ಮಾಡಿದ್ದೇನೆ. ಹಳ್ಳಿಯ ಮಕ್ಕಳೂ ಅರ್ಥ ಮಾಡಿಕೊಂಡಿದ್ದಾರೆ.

ತಪ್ಪಿರುವುದು ‘ಹಿಗ್ಗು’ ಅನ್ನುವಲ್ಲಿ. ಜೂಮ್ ಅಂದರೆ ಹಿಗ್ಗಿಸುವುದಲ್ಲ, ಸಂಗಮ ದೂರವನ್ನು (ಲೆನ್ಸಿನಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ) ಬದಲಿಸುವುದು. ಆ ದೂರ 16ರಿಂದ 35 ಮಿ.ಮೀ.ವರೆಗೆ ಬದಲಾಗುವ ಲೆನ್ಸೂ ಜೂಮೇ. ಅದು ಯಾವುದನ್ನೂ ಹತ್ತಿರ ತರುವುದಿಲ್ಲ. ಬದಲಾಗದ 300 ಮಿ.ಮೀ. ಲೆನ್ಸ್ ಹತ್ತಿರ ತರುತ್ತದೆ, ಆದರೆ ಅದು ಜೂಮ್ ಅಲ್ಲ, ಟೆಲಿ. ‘ಬದಲುಸಂಗಮ ಮಸೂರ’ ಅನ್ನಿ.

— ಚಿತ್ರದುರ್ಗ

*

ಮೇಷ್ಟ್ರೇ, ‘ಬದಲುಸಂಗಮ’ ಅಂತ ಬೋರ್ಡ್ ಹಾಕಿದರೆ ಅಂಗಡಿಗೆ ಯಾರೂ ಬರುವುದಿಲ್ಲ. ಆದರೆ ನೀವು ಹೇಳಿದ ವ್ಯತ್ಯಾಸ ಮಾತ್ರ ನೂರಕ್ಕೆ ನೂರು ಸರಿ. ಅದು ತಿಳಿಯದೆ ನಾನೇ ದುಡ್ಡು ಕಳೆದುಕೊಂಡಿದ್ದೇನೆ. ‘ಜೂಮ್ ಕೊಡಿ’ ಅಂತ ಕೇಳಿ 18–55 ತಂದೆ. ಕಬಡ್ಡಿ ಆಟಗಾರರು ಇರುವೆಗಳ ಹಾಗೆ ಬಂದಿದ್ದರು.

ಈಗ ‘ಕಾಂಪ್ಯಾಕ್ಟ್’. ಅದಕ್ಕೆ ‘ಅಡಕ’ ಬೇಡ. ಕಚೇರಿ ಕಾಗದದ ಕೊನೆಯಲ್ಲಿ ‘ಅಡಕ: 2 ಹಾಳೆ’ ಅಂತ ಬರೆಯುತ್ತೇವಲ್ಲ, ಓದುವವರಿಗೆ ಅದೇ ನೆನಪಾಗುತ್ತದೆ. ‘ಹಗುರ’ವೂ ಪೂರ್ತಿ ಸರಿಯಲ್ಲ. ಪ್ರೇಕ್ಷಕರಿಗೆ ಬೇಕಾಗಿರುವುದು ಏನು ಅಂತ ನೋಡಿ. ಪತ್ರಿಕೆಯವರ 70–200 ಮಿ.ಮೀ., ಎಫ್ 2.8 (ಎಫ್ ಅಂದರೆ ಅಪರ್ಚರಿನ ಅಂಕಿ) ಲೆನ್ಸ್ ಒಂದರಿಂದ ಒಂದೂವರೆ ಕೆಜಿ ತೂಗುತ್ತದೆ. ಎರಡು ಗಂಟೆ ಎತ್ತಿ ಹಿಡಿದರೆ ಭುಜ ಬಿದ್ದುಹೋಗುತ್ತದೆ. ಎಷ್ಟೋ ಸ್ಟೇಡಿಯಮ್‌ಗಳಲ್ಲಿ ಪ್ರೇಕ್ಷಕರ ಕೈಯಲ್ಲಿ ಅಂಥದ್ದು ಕಂಡರೆ ಗೇಟಿನಲ್ಲೇ ತಡೆಯುತ್ತಾರೆ. 70–300, ಎಫ್ 4–5.6 ಅರ್ಧದಿಂದ ಮುಕ್ಕಾಲು ಕೆಜಿ. ಹೆಗಲಚೀಲದಲ್ಲಿ ಊಟದ ಡಬ್ಬಿ ಪಕ್ಕ ಕೂರುತ್ತದೆ. ಆದರೆ ಜೂಮ್ ತಿರುಗಿಸಿದರೆ ಹೆಚ್ಚಿನವುಗಳ ಕೊಳವೆ ಮುಂದಕ್ಕೆ ಚಾಚಿ, ಮುಂದಿನ ಸಾಲಿನವರ ತಲೆಗೆ ತಾಗುತ್ತದೆ. ಅಂದರೆ ಅದು ಚಿಕ್ಕದಾಗಿರುವುದು ಮುಚ್ಚಿಟ್ಟಾಗ ಮಾತ್ರ. ಅದಕ್ಕೇ ‘ಚೀಲಕ್ಕೆ ಹಿಡಿಯುವ’ ಅನ್ನುವುದು ನಿಜವಾದ ಮಾತು. ‘ಪುಟ್ಟ’ ಅಂದರೆ ಸುಮ್ನೆ ಆಸೆ ತೋರಿಸಿದ ಹಾಗೆ.

ಅಪರ್ಚರ್‌ಗೆ ‘ಬೆಳಕಿಂಡಿ’ ಇದೆಯಲ್ಲ! ಮಾಳಿಗೆ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ಪದ. ಈ ಕರಪತ್ರದಲ್ಲಿ ಇದೇ ಮುಖ್ಯವಾದ ಪದ ಅಂತ ನನಗನ್ನಿಸುತ್ತದೆ. 2.8ಕ್ಕೆ ಹೋಲಿಸಿದರೆ 5.6ರಲ್ಲಿ ಒಳಗೆ ಬರುವುದು ಕಾಲುಭಾಗ ಬೆಳಕು. ಮಧ್ಯಾಹ್ನದ ಬಿಸಿಲಲ್ಲಿ ಚಿಂತೆಯಿಲ್ಲ. ರಾತ್ರಿ ದೀಪದಡಿ ಆಡುವ ಕಬಡ್ಡಿಯಲ್ಲಿ, ಎಫ್ 2.8ಕ್ಕೆ ಸೆಕೆಂಡಿನ 1000ನೇ ಒಂದು ಭಾಗದಲ್ಲಿ ಸಿಗುವ ಫೋಟೊಗೆ 5.6ರಲ್ಲಿ 250ನೇ ಒಂದು ಭಾಗ ಬೇಕು. ರೈಡರ್‌ನ ಕೈ ಕಲಸಿಹೋಗುತ್ತದೆ. ಇಲ್ಲವೇ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 1600 ಇದ್ದದ್ದನ್ನು 6400ಕ್ಕೆ ಏರಿಸಬೇಕು. ಆಗ ಫೋಟೊ ಕಾಳುಕಾಳಾಗುತ್ತದೆ. ಇದನ್ನು ಗಿರಾಕಿಗೆ ಹೇಳಲೇಬೇಕು. ‘ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು’ ಅಂದರೆ ಒಂದೇ ಸಾಲಿನಲ್ಲಿ ಮುಗಿಯಿತು.

ಇನ್ನೊಂದು ಮಾತು ಸೇರಿಸಿ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಅಗಲ. ಹತ್ತಿರ ಕೂತರೆ 200 ಮಿ.ಮೀ. ಸಾಕು, ಜಾಸ್ತಿಯೇ ಆಗಬಹುದು. ಕ್ರಿಕೆಟ್ಟಿಗೆ ಬೌಂಡರಿ ಆಚೆಯಿಂದ 300 ಇದ್ದರೂ ಬ್ಯಾಟರ್ ಚಿಕ್ಕದಾಗಿಯೇ ಕಾಣುತ್ತಾನೆ.

— ದಾವಣಗೆರೆ, ಕಬಡ್ಡಿ ಫೋಟೊ ತೆಗೆಯುವವಳು

*

ಕೊನೆಗೆ ‘ಜೂಮ್ ಲೆನ್ಸ್’ ಅಂತಲೇ ಉಳಿಸುತ್ತೀರಿ ಅಂತಾಯಿತು. ಹಾಗಾದರೆ ಈ ಬಳಗ ಯಾಕೆ ಬೇಕು? ಹೀಗೇ ಒಂದೊಂದೇ ಪದ ಬಿಟ್ಟುಕೊಡುತ್ತಾ ಬಂದೆವು. ಕ್ರಿಯಾಪದ ಒಂದು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷ್ ಆಗಿರುವ ವಾಕ್ಯ ದಿನಾ ಕೇಳುತ್ತೇನೆ. ನನಗೆ ಸಂಕಟವಾಗುತ್ತದೆ.

— ಹರಿಹರ

*

ಸಂಕಟ ನನಗೂ ಇದೆ ಸರ್. ಆದರೆ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಬಂದು ನೋಡಿ. ‘ಕುಸ್ತಿ’ ಪಾರಸಿ, ‘ಪೈಲ್ವಾನ್’ ಪಾರಸಿ, ‘ಅಖಾಡ’ ಹಿಂದಿಯಿಂದ ಬಂದದ್ದು. ಆ ಮಣ್ಣಿನಲ್ಲಿ ನಿಂತು ಇವು ನಮ್ಮ ಪದಗಳಲ್ಲ ಅಂತ ಹೇಳಲು ಯಾರಿಗೆ ಬಾಯಿ ಬರುತ್ತದೆ? ದುರ್ಬೀನಿನ ‘ದುರ್’ ಪಾರಸಿ, ‘ಬೀನ್’ ಪಾರಸಿ. ನಮ್ಮ ಅಜ್ಜಿ ಅದನ್ನು ಕನ್ನಡ ಅಂತಲೇ ತಿಳಿದಿದ್ದರು.

‘ಜೂಮ್’ ಇಂಗ್ಲಿಷಿನಲ್ಲೂ ಮೊದಲು ಬರೀ ಸದ್ದು. ಆಮೇಲೆ ವಿಮಾನ ಸರ್ರನೆ ಮೇಲೇರುವುದಕ್ಕೆ ಆ ಹೆಸರಾಯಿತು. ಲೆನ್ಸಿಗೆ ಬಂದದ್ದು ಅದಾದ ಮೇಲೆ. ನಮ್ಮ ‘ಜುಂಯ್’, ‘ಸರ್ರನೆ’ಗಳ ಸಾಲಿನ ಅನುಕರಣಾವ್ಯಯ ಅದು. ಆ ಸಾಲಿನಲ್ಲಿ ಕೂರಿಸಿದರೆ ತಪ್ಪೇನು? ಮಸೂರವನ್ನು ಮಾತ್ರ ಪಾಠದ ಪುಸ್ತಕದಿಂದ ತೆಗೆಯಲು ನಾನು ಒಪ್ಪುವುದಿಲ್ಲ.

— ಚಿತ್ರದುರ್ಗ

*

ಎಲ್ಲರಿಗೂ ಧನ್ಯವಾದ. ಪ್ರೆಸ್ಸಿಗೆ ಕೊಟ್ಟು ಬಂದೆ. ತಲೆಬರಹ: ‘ಆಟ ನೋಡುತ್ತಾ ಫೋಟೊ ತೆಗೆಯಿರಿ: ಚೀಲಕ್ಕೆ ಹಿಡಿಯುವ ಟೆಲಿ ಜೂಮ್ ಲೆನ್ಸ್’. ಕಬಡ್ಡಿ ಫೋಟೊ ತೆಗೆಯುವ ಅಕ್ಕನ ಅನುಭವ ಓದಿದ ಮೇಲೆ ‘ಟೆಲಿ’ ಸೇರಿಸಿದೆ. ಕರಪತ್ರದಲ್ಲಿ ‘ಬೆಳಕಿಂಡಿ’ ನಾಲ್ಕು ಕಡೆ ಇದೆ, ಕಿಂಡಿಯ ಚಿತ್ರದ ಜೊತೆ. ಪ್ರೆಸ್ಸಿನ ಹುಡುಗ ಅದನ್ನು ಓದಿ ಅರ್ಥ ಕೇಳಲಿಲ್ಲ. ‘ಶಟರ್’ ಹಾಗೇ ಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

— ವಿದ್ಯಾನಗರ, ದಾವಣಗೆರೆ

*

ಬೆಳಕಿಂಡಿಗೆ ಒಪ್ಪಿಗೆ. ಉಳಿದದ್ದಕ್ಕೆ ಇಲ್ಲ.

— ಹರಿಹರ